ಚುಕ್ಕೆಗಣ್ಣಿನ ನೊಣದ ಹೆಸರು ಯಾರನ್ನು ಕೇಳುವುದು?

ಕಾಸರಗೋಡಿನ ಬದಿಯಡ್ಕದ ಕಡೆಯ ತೋಟಗಳಲ್ಲಿ, ಹೂವಿಗೆ ಬರುವ ಹೋವರ್‌ಫ್ಲೈ ಎಂಬ ನೊಣಗಳಿಗೇನೂ ಬರವಿಲ್ಲ. ಅಲಸಂಡೆಗೆ ಸಸ್ಯಹೇನು ಹತ್ತಿದರೆ ಸಾಕು, ಹಳದಿ ಹೊಟ್ಟೆಗೆ ಕಪ್ಪು ಪಟ್ಟಿಯವು ಗಾಳಿಯಲ್ಲಿ ನಿಂತಲ್ಲೇ ನಿಂತು ಮೊಟ್ಟೆಗೆ ಜಾಗ ಹುಡುಕುತ್ತವೆ. ಹಟ್ಟಿಯ ಹಿಂದಿನ ಸ್ಲರಿ ಗುಂಡಿಯ ಹತ್ತಿರ ತುಳಸಿ ಹೂವಿಗೆ ಬಂದದ್ದು ಮಾತ್ರ ಬೇರೆಯೇ. ದಪ್ಪ ಮೈ, ಎದೆಯ ಮೇಲೆ ಉದ್ದುದ್ದ ಗೆರೆ, ಕಣ್ಣಿನ ತುಂಬ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ.

ಮೊದಲು ಫೋನಿನಲ್ಲೇ ಇರುವ ಚಿತ್ರಹುಡುಕಾಟಕ್ಕೆ ಫೋಟೋ ಕೊಟ್ಟೆ. ಕ್ಷಣದಲ್ಲಿ ಉತ್ತರ: ಜೇನುನೊಣ. ಇನ್ನೊಂದು ಫೋಟೋಗೆ ಯುರೋಪಿನ ಯಾವುದೋ ನೊಣ. ಜೇನಲ್ಲ ಎನ್ನಲು ಆ್ಯಪೇ ಬೇಡ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ, ಮೀಸೆಯೂ ಮೋಟು.

ಜೀವಿಗಳ ಗುರುತು ಹೇಳುವ ಸೀಕ್ ಆ್ಯಪ್ ಇದಕ್ಕಿಂತ ಮೇಲು. ತೋಟದ ತಗ್ಗಿನಲ್ಲಿ ರೇಂಜ್ ಇಲ್ಲದಿದ್ದರೂ ನಡೆಯುತ್ತದೆ, ಗೊತ್ತಿದ್ದಷ್ಟೇ ಹೇಳಿ ನಿಲ್ಲುತ್ತದೆ. ಅಲಸಂಡೆಯದ್ದಕ್ಕೆ ಎಪಿಸಿರ್ಫಸ್ ಎಂದಿತು, ಇದಕ್ಕೆ ಎರಿಸ್ಟಲೈನಸ್. ಎರಡೂ ಕುಲದ ಹೆಸರು, ಅಂದರೆ ಹತ್ತಿರದ ಜಾತಿಗಳ ಗುಂಪಿನದು, ಒಂದು ಜಾತಿಯದ್ದಲ್ಲ. ಮಕ್ಕಳ ಕೈಗೆ ಕೊಡಲು ಇದೇ ಸರಿ.

ನನ್ನ ಓಟು ಐನ್ಯಾಚುರಲಿಸ್ಟ್‌ಗೆ, ಜೀವಿಗಳ ಫೋಟೋ ಹಾಕಿ ಗುರುತು ಕೇಳುವ ಜಾಲತಾಣಕ್ಕೆ. 2008ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು. ಇಲ್ಲಿ ಯಂತ್ರದ ಊಹೆಯ ಮೇಲೆ ಮನುಷ್ಯರು ಕಣ್ಣಾಡಿಸುತ್ತಾರೆ. ಗುರುತು ಹೇಳಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಜಾತಿ ಅಂದರೆ ಮಾತ್ರ ದಾಖಲೆಗೆ ‘ರಿಸರ್ಚ್ ಗ್ರೇಡ್’, ಅಂದರೆ ಸಂಶೋಧನೆಗೆ ಒದಗುವ ದರ್ಜೆ. ಉತ್ತರ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಆದರೆ ಬಂದ ಉತ್ತರದಲ್ಲಿ ಪ್ರಶ್ನೆಯೂ ಇರುತ್ತದೆ: ಮುಖ ಎದುರಿನಿಂದ ಹೇಗಿದೆ? ರೆಕ್ಕೆ ಬಿಡಿಸಿದ ಫೋಟೋ ಇದೆಯೇ? ಬೆಳಗ್ಗೆ ಬಿಸಿಲೇರುವ ಮೊದಲು, ಅದು ಮಂಕಾಗಿ ಕೂತಿದ್ದಾಗ, ಫೋನಿಗೆ ಕ್ಲಿಪ್ ಲೆನ್ಸ್ ಸಿಕ್ಕಿಸಿ ಮತ್ತೆ ತೆಗೆದೆ. ಎರಡು ಕಣ್ಣೂ ನೆತ್ತಿಯಲ್ಲಿ ಕೂಡಿದ್ದವು, ಅಂದರೆ ಗಂಡು. ರೆಕ್ಕೆಯ ನಡುವೆ ಎಲ್ಲಿಗೂ ಸರಿಯಾಗಿ ಸೇರದ ಒಂದು ಸುಳ್ಳು ನರ. ಹೋವರ್‌ಫ್ಲೈ ಕುಟುಂಬದ ಗುರುತೇ ಅದು.

ಸ್ಲರಿ ಗುಂಡಿಯ ವಿಷಯ ಬರೆದದ್ದು ಫೋಟೋದಷ್ಟೇ ಉಪಕಾರವಾಯಿತು. ಎರಿಸ್ಟಲೈನಸ್ ಗುಂಪಿನ ಮರಿಹುಳುಗಳು ಕೊಳೆತ ನೀರಿನಲ್ಲೇ ಬೆಳೆಯುವವು, ಹಿಂದಿನ ಉದ್ದದ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಗುಂಡಿಯಲ್ಲಿ ಬಾಲದ ಹುಳು ಕಂಡವರು ಹೇಸಿಗೆಪಟ್ಟು ಫಿನಾಯಿಲ್ ಸುರಿಯಬೇಡಿ.

ಜಾತಿಯ ಹೆಸರು ಇನ್ನೂ ಇತ್ಯರ್ಥವಾಗಿಲ್ಲ. ಹಿಡಿದು ಸೂಕ್ಷ್ಮದರ್ಶಕದಡಿ ಇಡಿ ಎಂದರು ಒಬ್ಬರು. ಹೆಸರಿಗಾಗಿ ಅದನ್ನೇ ಕೊಲ್ಲುವಷ್ಟು ಹಟ ನನಗಿಲ್ಲ. ಎರಿಸ್ಟಲೈನಸ್ ಅಂದರೆ ಸಾಕು.