ಕ್ಯಾಂಪಸ್ ಓಡಾಟಕ್ಕೆ ಯಾವುದು ವಾಸಿ? ನಡಿಗೆ, ಬಸ್ಸು, ಸೈಕಲ್ಲು, ಸ್ಕೂಟರು: ನಾಲ್ಕನ್ನೂ ಬಳಸಿ ನೋಡಿದೆ

ಒಂದು ಕ್ಲಾಸ್ ಮುಗಿದು ಇನ್ನೊಂದು ಶುರುವಾಗುವ ನಡುವೆ 10 ನಿಮಿಷ. ಎರಡು ಕಟ್ಟಡಗಳ ನಡುವೆ 1.6 ಕಿಲೋಮೀಟರ್ ರಸ್ತೆ. ವಾರಕ್ಕೆ ನಾಲ್ಕು ದಿನ ನನಗೆ ಇದೇ ಪಾಡು. ಮೊದಲ ತಿಂಗಳು ಲ್ಯಾಬಿಗೆ ಒಮ್ಮೆಯೂ ಸರಿಯಾದ ಹೊತ್ತಿಗೆ ಹೋಗಲಿಲ್ಲ. ಆಮೇಲೆ ಹಟ ಬಂತು. ನಾಲ್ಕು ರೀತಿಯಲ್ಲಿ ಓಡಾಡಿ ನೋಡಿದೆ, ಒಂದೊಂದನ್ನೂ ಕನಿಷ್ಠ ಎರಡು ವಾರ.

ಹೊತ್ತು ಅಳೆದಿದ್ದು ಹೀಗೆ. ಮೂರನೇ ಮಹಡಿಯ ಕ್ಲಾಸಿನ ಬಾಗಿಲು ದಾಟಿದ ತಕ್ಷಣ ಫೋನಿನಲ್ಲಿ ಸ್ಟಾಪ್‌ವಾಚ್ ಶುರು, ಲ್ಯಾಬಿನ ಸ್ಟೂಲ್ ಮೇಲೆ ಕೂತಾಗ ಬಂದ್. ರಸ್ತೆಯ ಮೇಲಿನ ವೇಗ ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಮೆಟ್ಟಿಲು ಇಳಿಯಬೇಕು, ಬೀಗ ತೆಗೆಯಬೇಕು, ಬಸ್ಸಿಗೆ ಕಾಯಬೇಕು, ಗಾಡಿ ನಿಲ್ಲಿಸೋಕೆ ಜಾಗ ಹುಡುಕಬೇಕು. ಅದೆಲ್ಲ ಹೊತ್ತೇ ಅಲ್ವಾ?

ಮೊದಲು ನಡಿಗೆ. ಗಂಟೆಗೆ 5 ಕಿಲೋಮೀಟರ್ ಅಂದರೆ ನಿಮಿಷಕ್ಕೆ 80 ಮೀಟರ್ ಚಿಲ್ಲರೆ. ಆ ಲೆಕ್ಕದಲ್ಲಿ 1.6 ಕಿಲೋಮೀಟರಿಗೆ 19 ನಿಮಿಷ ಬೇಕು. ಆದರೆ ನಡೆಯುವವರು ರಸ್ತೆಯಲ್ಲೇ ಹೋಗಬೇಕು ಅಂತೇನಿಲ್ಲ. ಲೈಬ್ರರಿಯ ಮುಂಬಾಗಿಲಲ್ಲಿ ಒಳಗೆ ಹೋಗಿ, ಹಿಂಬಾಗಿಲಲ್ಲಿ ಹೊರಬಿದ್ದು, ಹುಲ್ಲುಹಾಸಿನ ಮೇಲೆ ಎಲ್ಲರೂ ನಡೆದು ನಡೆದು ಆಗಿರುವ ಕಾಲುದಾರಿ ಹಿಡಿದರೆ ದೂರ ಸುಮಾರು 1.3 ಕಿಲೋಮೀಟರಿಗೆ ಇಳಿಯುತ್ತದೆ. ಮೆಟ್ಟಿಲೂ ಸೇರಿ ನನಗೆ 18 ನಿಮಿಷ ಆಯಿತು. ನಡಿಗೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ ನಂಬಿಕೆ. ಯಾವತ್ತು ಅಳೆದರೂ ಒಂದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ. ಕೆಡುವುದಿಲ್ಲ, ಕಳುವಾಗುವುದಿಲ್ಲ, ಜೊತೆಗೆ ಗೆಳೆಯರಿದ್ದರೆ ಮಾತಾಡುತ್ತಾ ಹೋಗಬಹುದು. ನಿಮ್ಮ ಕಟ್ಟಡಗಳು 700 ಮೀಟರ್ ಒಳಗಿದ್ದರೆ ಬೇರೆ ಏನನ್ನೂ ಯೋಚಿಸಬೇಡಿ, ನಡೀರಿ. ನನ್ನ ದೂರಕ್ಕೆ ಮಾತ್ರ ಸಾಲಲಿಲ್ಲ.

ಬಸ್ಸಿನ ಮೇಲೆ ತುಂಬಾ ಆಸೆ ಇಟ್ಟುಕೊಂಡಿದ್ದೆ. 15 ನಿಮಿಷಕ್ಕೊಂದು ಬಸ್ ಅಂತ ಬೋರ್ಡಿನಲ್ಲಿತ್ತು. ಯಾವಾಗ ಅಂದರೆ ಆವಾಗ ಸ್ಟಾಪಿಗೆ ಹೋದರೆ ಸರಾಸರಿ ಏಳೂವರೆ ನಿಮಿಷ ಕಾಯಬೇಕು ಅನ್ನುವುದು ಅದರ ಅರ್ಥ. ಸ್ಟಾಪಿಗೆ ಹೋಗುವಾಗಲೇ ಬಸ್ ಬಂದು ನಿಂತಿದ್ದ ದಿನ ಒಂಬತ್ತೂವರೆ ನಿಮಿಷಕ್ಕೆ ಲ್ಯಾಬಿನಲ್ಲಿದ್ದೆ. ಇನ್ನೊಂದು ದಿನ 24 ನಿಮಿಷ! ಕಾರಣ ಡ್ರೈವರ್ ಅಲ್ಲ. ಕ್ಲಾಸ್ ಬಿಟ್ಟ ಹೊತ್ತಿಗೆ ಒಂದೊಂದು ಸ್ಟಾಪಿನಲ್ಲೂ ಜನ ತುಂಬಿರುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಬಸ್ ತಡವಾಗುತ್ತದೆ, ತಡವಾದಷ್ಟೂ ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಜನ ಸೇರಿರುತ್ತಾರೆ, ಮತ್ತೂ ತಡ. ಹಿಂದಿನ ಬಸ್ಸಿಗೆ ಜನ ಕಮ್ಮಿ, ಹಾಗಾಗಿ ಅದು ಬೇಗ ಬೇಗ ಬಂದು ಮುಂದಿನದನ್ನು ಹಿಡಿದುಬಿಡುತ್ತದೆ. ಕೊನೆಗೆ ಎರಡೂ ಒಟ್ಟಿಗೆ ಬರುತ್ತವೆ, ಒಂದು ಕಿಕ್ಕಿರಿದು, ಇನ್ನೊಂದು ಖಾಲಿ. ಅದಾದ ಮೇಲೆ ಅರ್ಧ ಗಂಟೆ ಏನೂ ಇಲ್ಲ.

ಆದರೂ ಬಸ್ಸನ್ನು ನಾನು ಬಯ್ಯಲಾರೆ. ಒಮ್ಮೆ ಕಾಲು ಉಳುಕಿ ಹತ್ತು ದಿನ ಕುಂಟಿದಾಗ ಕೈ ಹಿಡಿದಿದ್ದು ಅದೇ. ನೆಲಕ್ಕೆ ಹತ್ತಿರವಿರುವ ಅದರ ಮೆಟ್ಟಿಲಿನ ಬೆಲೆ ಆಗ ಗೊತ್ತಾಯಿತು. ಜೋರು ಮಳೆಗೆ, ತಡರಾತ್ರಿಗೆ, ಕೈತುಂಬ ಸಾಮಾನಿದ್ದಾಗ ಬಸ್ಸೇ ಸರಿ. 10 ನಿಮಿಷದ ಬಿಡುವಿಗೆ ಮಾತ್ರ ಅದನ್ನು ನಂಬಿ ಕೂರಬೇಡಿ.

ಇನ್ನು ಸೈಕಲ್. ನನ್ನದು ಸೆಕೆಂಡ್ ಹ್ಯಾಂಡ್, ಗೇರ್ ಇಲ್ಲದ್ದು, ಹಿಂದೆ ಕ್ಯಾರಿಯರ್ ಇರುವಂಥದ್ದು. ಸಮತಟ್ಟು ರಸ್ತೆಯಲ್ಲಿ ಬೆವರದೆ ತುಳಿದರೆ ಗಂಟೆಗೆ 15-16 ಕಿಲೋಮೀಟರ್ ಹೋಗುತ್ತದೆ. ದಾರಿಗೆ ಆರು ನಿಮಿಷ, ಮೆಟ್ಟಿಲು ಬೀಗ ಎಲ್ಲ ಸೇರಿ ಒಂಬತ್ತೂವರೆ. ಮೊದಲ ವಾರ 11 ನಿಮಿಷ ಆಗುತ್ತಿತ್ತು. ತುಳಿಯುವುದು ನಿಧಾನ ಆಗಿರಲಿಲ್ಲ, ಬೀಗ ಹಾಕುವುದು ನಿಧಾನ ಆಗಿತ್ತು. ಬ್ಯಾಗಿನ ತಳದಲ್ಲಿ ಬೀಗ, ಯಾವುದೋ ಜೇಬಿನಲ್ಲಿ ಕೀ. ಬೀಗವನ್ನು ಫ್ರೇಮಿಗೇ ಸಿಕ್ಕಿಸಿ, ಕೀಯನ್ನು ದಾರದಲ್ಲಿ ಬ್ಯಾಗಿನ ಪಟ್ಟಿಗೆ ಕಟ್ಟಿದ ಮೇಲೆ ಒಂದೂವರೆ ನಿಮಿಷ ಉಳಿಯಿತು.

ಬೀಗದ ವಿಷಯದಲ್ಲಿ ದಯವಿಟ್ಟು ಜಿಪುಣತನ ಮಾಡಬೇಡಿ. ತೆಳು ಕೇಬಲ್ ಬೀಗವನ್ನು ಕಟಿಂಗ್ ಪ್ಲೇಯರಿನಲ್ಲೇ ತುಂಡು ಮಾಡಬಹುದು. ಯು ಆಕಾರದ ಗಟ್ಟಿ ಕಬ್ಬಿಣದ ಬೀಗ ತಗೊಳ್ಳಿ, ಅದು ಫ್ರೇಮು, ಹಿಂದಿನ ಚಕ್ರ, ಸ್ಟ್ಯಾಂಡಿನ ಕಂಬಿ ಮೂರನ್ನೂ ಹಿಡಿಯುವ ಹಾಗೆ ಹಾಕಿ. ಬರೀ ಮುಂದಿನ ಚಕ್ರಕ್ಕೆ ಹಾಕಿ ಹೋದರೆ ಏನಾಗುತ್ತದೆ ಅಂತ ನಾನೇ ನೋಡಿದ್ದೇನೆ: ಸ್ಟ್ಯಾಂಡಿನಲ್ಲಿ ಬೀಗ ಹಾಕಿದ ಚಕ್ರವೊಂದು ಒಂಟಿಯಾಗಿ ನಿಂತಿತ್ತು, ಉಳಿದ ಸೈಕಲ್ ಮಾಯ. ಆ ಹುಡುಗ ಬಂದು ಅದನ್ನು ನೋಡಿ ಸುಮ್ನೆ ನಿಂತುಬಿಟ್ಟಿದ್ದ. ಪಾಪ ಅನಿಸಿತು.

ಸೈಕಲ್ ಅಂದರೆ ಒಂದಿಷ್ಟು ಆರೈಕೆಯೂ ಬೇಕು. ವಾರಕ್ಕೊಮ್ಮೆ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇನೆ, ಒಳಗೆ ಹೋಯಿತೋ, ಗಾಳಿ ಹೊಡೆಯುತ್ತೇನೆ. ಗಾಳಿ ಕಮ್ಮಿ ಇದ್ದರೆ ತುಳಿಯುವುದೂ ಕಷ್ಟ, ಪಂಕ್ಚರೂ ಜಾಸ್ತಿ. ಮಳೆಯಲ್ಲಿ ನೆನೆದ ಮೇಲೆ ಚೈನ್ ಒರೆಸಿ ಎಣ್ಣೆ ಹಾಕದಿದ್ದರೆ ಕೆಲವೇ ದಿನಕ್ಕೆ ಕಿರ್ ಅನ್ನೋಕೆ ಶುರು. ಮಡ್‌ಗಾರ್ಡ್ ಇಲ್ಲದ ಸೈಕಲ್ ಎಷ್ಟೇ ಚಂದ ಇದ್ದರೂ ತಗೋಬೇಡಿ, ಒದ್ದೆ ರಸ್ತೆಯಲ್ಲಿ ಬೆನ್ನಿನ ಮೇಲೆ ಉದ್ದಕ್ಕೆ ಕೆಸರಿನ ಗೆರೆ ಬೀಳುತ್ತದೆ. ಕ್ಲಾಸ್ ಬಿಟ್ಟ ಹೊತ್ತಿಗೆ ನಡುದಾರಿಯಲ್ಲಿ ಜನಜಾತ್ರೆ, ಅಲ್ಲಿ ಇಳಿದು ತಳ್ಳಿಕೊಂಡೇ ಹೋಗಬೇಕು. ನಾನು ಈಗ ಹೊರಗಿನ ಸುತ್ತುರಸ್ತೆ ಹಿಡಿಯುತ್ತೇನೆ. ದೂರ ಸ್ವಲ್ಪ ಜಾಸ್ತಿ, ಹೊತ್ತು ಕಮ್ಮಿ.

ಎಲೆಕ್ಟ್ರಿಕ್ ಸ್ಕೂಟರ್, ಅಂದರೆ ನಿಂತುಕೊಂಡು ಹೋಗುವ ಮಡಚುವ ಸ್ಕೂಟರ್, ಗೆಳತಿಯ ಹತ್ತಿರ ಮೂರು ವಾರಕ್ಕೆ ಇಸಕೊಂಡಿದ್ದೆ. ನಾಲ್ಕರಲ್ಲಿ ಎಲ್ಲಕ್ಕಿಂತ ಬೇಗ ತಲುಪಿಸಿದ್ದು ಇದೇ, ಒಟ್ಟು ಎಂಟೂವರೆ ನಿಮಿಷ. ಬೆವರಿಲ್ಲ, ಸ್ಟ್ಯಾಂಡ್ ಹುಡುಕುವ ಗೋಜಿಲ್ಲ. ಆದರೆ ಸೈಕಲ್ಲಿಗಿಂತ ಉಳಿದಿದ್ದು ಒಂದೇ ಒಂದು ನಿಮಿಷ, ಯಾಕಂದರೆ 14 ಕಿಲೋ ಭಾರದ ಅದನ್ನು ಎತ್ತಿಕೊಂಡು ಮೂರು ಮಹಡಿ ಇಳಿಯಬೇಕು. ಹೊರಗೆ ನಿಲ್ಲಿಸೋಣ ಅಂದರೆ ಮನಸ್ಸಿಗೆ ನೆಮ್ಮದಿ ಇಲ್ಲ.

ಇನ್ನೊಂದು ಭಯ, ಅದರ ಚಕ್ರ. ಎಂಟು-ಹತ್ತು ಇಂಚಿನ ಚಕ್ರಕ್ಕೆ ಸಣ್ಣ ಗುಂಡಿಯೂ ದೊಡ್ಡದೇ. ಸೈಕಲ್ಲಿನ 26 ಇಂಚಿನ ಚಕ್ರ ಗೊತ್ತೇ ಆಗದ ಹಾಗೆ ದಾಟುವ ಕಲ್ಲಿನ ಅಂಚಿಗೆ ಒಂದು ಸಂಜೆ ಸ್ಕೂಟರಿನ ಮುಂದಿನ ಚಕ್ರ ತಾಗಿತು. ಹ್ಯಾಂಡಲ್ ತಿರುಗಿತು, ನಾನು ಮುಗ್ಗರಿಸಿದೆ. ಅಂಗೈ ತರಚಿತು ಅಷ್ಟೇ, ಹೆಲ್ಮೆಟ್ ಇತ್ತು. ನಿಂತು ಹೋಗುವುದರಿಂದ ಮೈಭಾರ ಮೇಲಿರುತ್ತದೆ, ಚಕ್ರ ತಡೆದರೆ ಮುಂದಕ್ಕೇ ಬೀಳುವುದು. ಜೊತೆಗೆ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುವ ಭಯದಿಂದ ಹಲವು ವಿಶ್ವವಿದ್ಯಾಲಯಗಳು ಹಾಸ್ಟೆಲ್ ರೂಮಿನಲ್ಲಿ ಸ್ಕೂಟರ್ ಚಾರ್ಜ್ ಮಾಡೋಕೆ ಬಿಡುವುದಿಲ್ಲ. ಕೊಳ್ಳುವ ಮೊದಲು ನಿಮ್ಮಲ್ಲಿ ನಿಯಮ ಏನಿದೆ ಕೇಳಿಕೊಳ್ಳಿ.

ಕಾರು, ಬೈಕಿನ ಗೋಜಿಗೆ ನಾನು ಹೋಗಲಿಲ್ಲ. ಪಾರ್ಕಿಂಗ್ ಇರುವುದು ಕ್ಯಾಂಪಸ್ಸಿನ ಅಂಚಿನಲ್ಲಿ, ಅಲ್ಲಿಂದ ಮತ್ತೆ ನಡೆಯಲೇಬೇಕು.

ಈಗ ನನ್ನ ದಿನಚರಿ ಹೀಗಿದೆ. ದೂರದ ಲ್ಯಾಬಿಗೆ ಸೈಕಲ್, ಹತ್ತಿರದ್ದಕ್ಕೆಲ್ಲ ನಡಿಗೆ, ಮಳೆ ಹಿಡಿದರೆ ಹತ್ತು ನಿಮಿಷ ಮೊದಲೇ ಹೊರಟು ಬಸ್ಸು. ಸ್ಕೂಟರ್ ವಾಪಸ್ ಕೊಟ್ಟೆ. ಕಟ್ಟಡದಲ್ಲಿ ಲಿಫ್ಟ್ ಇದ್ದು ರಸ್ತೆ ನುಣ್ಣಗಿದ್ದರೆ ನಿಮಗೆ ಅದೇ ಹಿಡಿಸಬಹುದು, ಅದನ್ನು ಅಲ್ಲಗಳೆಯುವುದಿಲ್ಲ.

ಸೈಕಲ್ ತಗೊಳ್ಳುವ ಮನಸ್ಸಿದ್ದರೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕ್ಲಾಸು ನಡೆಯುವ ಕಟ್ಟಡಗಳ ಮುಂದೆ ಸ್ಟ್ಯಾಂಡ್ ಎಲ್ಲಿದೆ ನೋಡಿ ಬನ್ನಿ. ರಜೆಯಲ್ಲಿ ನೋಡಬೇಡಿ, ಕ್ಲಾಸು ನಡೆಯುವ ದಿನ ಬೆಳಗ್ಗೆ ಹತ್ತು ಗಂಟೆಗೆ ಹೋಗಿ ನೋಡಿ. ಆಗಲೂ ಒಂದು ಕಂಬಿ ಖಾಲಿ ಇದ್ದರೆ ಧೈರ್ಯವಾಗಿ ತಗೊಳ್ಳಿ.