ಟರ್ಬೊ ಬದಲಾಯಿಸುವ ಮುಂಚೆ ಅದು ಯಾಕೆ ಹೋಯಿತು ಅಂತ ಕೇಳಿ

ಕಾರಿನ ಟರ್ಬೊ (ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಹೋಗಿದೆ, ಹೊಸದು ಹಾಕಬೇಕು ಅಂತ ಗ್ಯಾರೇಜಿನಲ್ಲಿ ಹೇಳಿದರೆ ತಕ್ಷಣ ಒಪ್ಪಬೇಡಿ. ಯಾಕೆ ಹೋಯಿತು ಅಂತ ಮೊದಲು ಕೇಳಿ. ಸರಿಯಾದ ಉತ್ತರ ಸಿಗುವವರೆಗೆ ಹೊಸದಕ್ಕೆ ದುಡ್ಡು ಹಾಕಬೇಡಿ. ನನ್ನ ಡೀಸೆಲ್ ಕಾರಿನಲ್ಲಿ ಎರಡು ಟರ್ಬೊ ಹೋಗಿವೆ. ಮೊದಲನೆಯದು ಕಾರಿನ ಜೊತೆಗೇ ಬಂದದ್ದು, ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಹೋಯಿತು. ಎರಡನೆಯದು ಹೊಚ್ಚ ಹೊಸದು. ಕೆಲವೇ ವಾರಕ್ಕೆ ಅದೂ ಹೋಯಿತು.

ಮೊದಲ ಸಲ ಲಕ್ಷಣಗಳು ನಿಧಾನವಾಗಿ ಶುರುವಾದವು. ಏರು ರಸ್ತೆಯಲ್ಲಿ ಪಿಕಪ್ ಕಡಿಮೆ ಆಯಿತು. ಆಮೇಲೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸೈರನ್ ಕೂಗಿದಂತೆ ಒಂದು ಸದ್ದು. ಕೊನೆಗೆ ಸೈಲೆನ್ಸರಿನಿಂದ ನೀಲಿ ಹೊಗೆ. ಗ್ಯಾರೇಜಿನವರು ನೋಡಿ, 'ಇಷ್ಟು ಓಡಿದ ಮೇಲೆ ಟರ್ಬೊ ಹೋಗೋದು ಮಾಮೂಲಿ ಸಾರ್' ಅಂದರು. ಹಳೇದನ್ನು ಬಿಚ್ಚಿ, ಹೊಸದು ಹಾಕಿ, ಆಯಿಲ್ ತುಂಬಿ, ಸಂಜೆಗೆ ಕೀ ಕೊಟ್ಟರು. ಬಿಲ್ಲಿನಲ್ಲಿ ಇದ್ದದ್ದು ಟರ್ಬೊ, ಗ್ಯಾಸ್ಕೆಟ್, ಆಯಿಲ್, ಕೂಲಿ. ಟರ್ಬೊಗೆ ಆಯಿಲ್ ತರುವ ಪೈಪನ್ನು ಯಾರೂ ಮುಟ್ಟಿರಲಿಲ್ಲ.

'ಮಾಮೂಲಿ' ಅನ್ನೋ ಆ ಮಾತನ್ನು ನಂಬಬೇಡಿ. ಎಂಜಿನ್ ಬಾಳುವಷ್ಟು ಕಾಲ ಬಾಳಲಿ ಅಂತಲೇ ಟರ್ಬೊ ಮಾಡಿರುತ್ತಾರೆ. ಸಮಯಕ್ಕೆ ಸರಿಯಾಗಿ ಒಳ್ಳೆ ಆಯಿಲ್ ಕಂಡ ಟರ್ಬೊ ಎರಡು ಲಕ್ಷ ಕಿಲೋಮೀಟರ್ ದಾಟೋದು ಅಪರೂಪವೇನಲ್ಲ. ಬೇಗ ಹೋಯಿತು ಅಂದರೆ ಹೆಚ್ಚಿನ ಸಲ ಬೇರೆ ಯಾವುದೋ ತೊಂದರೆ ಅದನ್ನು ಕೆಡಿಸಿರುತ್ತದೆ.

ಟರ್ಬೊದ ಒಳಗೆ ನಡೆಯೋದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಬೆರಳಿಗಿಂತ ತೆಳುವಾದ ಒಂದು ಶಾಫ್ಟ್, ಎರಡು ತುದಿಗೂ ರೆಕ್ಕೆಯ ಚಕ್ರ. ಒಂದು ಕಡೆ ಎಂಜಿನ್ನಿನಿಂದ ಬರುವ ಬೆಂಕಿಯಂಥ ಹೊಗೆ. ಜೋರಾಗಿ ಓಡಿಸುವಾಗ ಡೀಸೆಲ್ ಕಾರಿನಲ್ಲಿ ಅದರ ಬಿಸಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸು ಹೋಗುತ್ತದೆ, ಪೆಟ್ರೋಲ್ ಕಾರಿನಲ್ಲಿ 950 ಕೂಡ ದಾಟುತ್ತದೆ. ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗುತ್ತದೆ, ಚಿಕ್ಕ ಟರ್ಬೊಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ. ಬಹಳಷ್ಟು ಟರ್ಬೊಗಳಲ್ಲಿ ಬಾಲ್ ಬೇರಿಂಗ್ ಇರೋದಿಲ್ಲ. ಬಳೆಯಂಥ ಸಾದಾ ಬೇರಿಂಗ್ ಒಳಗೆ ಶಾಫ್ಟ್ ತೇಲೋದು ಬರೀ ಆಯಿಲ್ ಪದರದ ಮೇಲೆ. ಆ ಪದರ ಕೂದಲಿಗಿಂತ ತೆಳು. ಅಷ್ಟು ವೇಗದಲ್ಲಿ ಕೆಲವು ಸೆಕೆಂಡ್ ಆಯಿಲ್ ಬರಲಿಲ್ಲ ಅಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಆಮೇಲೆ ಅದನ್ನು ಉಳಿಸೋಕೆ ಆಗೋದಿಲ್ಲ.

ಹೊಸ ಟರ್ಬೊ ಹೋದಾಗ ಕಾರನ್ನು ಎಳೆಸಿಕೊಂಡು ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಟರ್ಬೊ ಮುಟ್ಟುವ ಮೊದಲು ಆಯಿಲ್ ಪೈಪ್ ಬಿಚ್ಚಿದರು. ಪೈಪಿನ ತುದಿಯ ಬ್ಯಾಂಜೊ ಬೋಲ್ಟ್, ಅಂದರೆ ಆಯಿಲ್ ಹಾದುಹೋಗುವ ಟೊಳ್ಳು ಬೋಲ್ಟ್ ಒಳಗೆ ಒಂದು ಪುಟ್ಟ ಜಾಲರಿ ಇತ್ತು. ಅದನ್ನು ನನ್ನ ಅಂಗೈಗೆ ಹಾಕಿ, 'ಬೆಳಕಿಗೆ ಹಿಡಿದು ನೋಡಿ' ಅಂದರು. ಒಂದು ಮೂಲೆ ಬಿಟ್ಟು ಎಲ್ಲೂ ಬೆಳಕು ತೂರಲಿಲ್ಲ. ಉಗುರಿನಲ್ಲಿ ಕೆರೆದರೆ ಗಟ್ಟಿ ಕಪ್ಪು ಪುಡಿ ಉದುರಿತು. ಆಮೇಲೆ ಟರ್ಬೊ ಬಿಚ್ಚಿ ಶಾಫ್ಟ್ ತೋರಿಸಿದರು. ಬೇರಿಂಗ್ ಕೂರುವ ಜಾಗದಲ್ಲಿ ಲೋಹ ನೀಲಿ ಬಣ್ಣಕ್ಕೆ ತಿರುಗಿತ್ತು. ಆಯಿಲ್ ಇಲ್ಲದೆ ಸುಟ್ಟದ್ದಕ್ಕೆ ಅದೇ ಗುರುತು.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ, ಆ ಪುಡಿ ಬಂದದ್ದು ಎಲ್ಲಿಂದ ಅಂತ ಹುಡುಕಿದರು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಒಂದು ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರ್ ಲೀಕ್ ಆಗಿ, ಸಿಲಿಂಡರಿನ ಹೊಗೆ ಆಯಿಲ್ ಇರುವ ಕಡೆಗೆ ನುಗ್ಗುತ್ತಿತ್ತು. ಅದರ ಮಸಿ ಸೇರಿ ಆಯಿಲ್ ಕೆಸರಾಗಿತ್ತು. ಆಯಿಲ್ ಚೇಂಬರ್ ಇಳಿಸಿದಾಗ ತಳದಲ್ಲಿ, ಪಂಪ್ ಆಯಿಲ್ ಎಳೆದುಕೊಳ್ಳುವ ಜಾಲರಿಯ ಸುತ್ತ, ಅದೇ ಕೆಸರು ಮೆತ್ತಿಕೊಂಡಿತ್ತು. ಹೀಗಿರುವಾಗ ಎಷ್ಟು ಹೊಸ ಟರ್ಬೊ ಹಾಕಿದ್ದರೂ ಏನು ಪ್ರಯೋಜನ?

ವಾರಂಟಿಯೂ ಸಿಗಲಿಲ್ಲ. ಟರ್ಬೊ ಮಾರಿದವರು ಅದನ್ನು ಬಿಚ್ಚಿಸಿ ನೋಡಿ, ಆಯಿಲ್ ಸಾಲದೆ ಹಾಳಾಗಿದೆ, ನಮ್ಮ ಸಾಮಾನಿನ ದೋಷ ಅಲ್ಲ ಅಂತ ಬರೆದುಕೊಟ್ಟರು. ಸಾಮಾನು ನಿಜವಾಗಿಯೂ ಚೆನ್ನಾಗಿಯೇ ಇತ್ತು, ಅವರದ್ದು ತಪ್ಪಲ್ಲ. ಮೊದಲ ಗ್ಯಾರೇಜಿನವರು ಮಾತ್ರ ಓಡಿಸುವ ರೀತಿ ಸರಿ ಇಲ್ಲ ಅಂತ ಹೇಳಿ ಕೈತೊಳೆದುಕೊಂಡರು. ಪೈಪ್ ಯಾಕೆ ಬದಲಾಯಿಸಲಿಲ್ಲ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಇದಕ್ಕೆ ಈಗಲೂ ನನಗೆ ಸಿಟ್ಟಿದೆ.

ಹಾಗಾಗಿ ಟರ್ಬೊ ಬದಲಾಯಿಸಲೇಬೇಕು ಅಂತಾದರೆ ಇಷ್ಟನ್ನು ಹಟ ಹಿಡಿದು ಮಾಡಿಸಿ. ಆಯಿಲ್ ಬರುವ ಪೈಪ್ ಮತ್ತು ಬೋಲ್ಟ್ ಹೊಸದೇ ಆಗಬೇಕು, ತೊಳೆದು ಹಾಕಿದರೆ ಸಾಲದು. ಆಯಿಲ್ ವಾಪಸ್ ಹೋಗುವ ಪೈಪ್ ಪೂರ್ತಿ ತೆರವಾಗಿರಬೇಕು. ಆಯಿಲ್ ಅಲ್ಲಿಂದ ತನ್ನ ಭಾರಕ್ಕೆ ತಾನೇ ಇಳಿಯೋದು. ಅದು ಕಟ್ಟಿಕೊಂಡರೆ, ತುಂಬಿದ ಮೋರಿಯ ನೀರು ಮನೆಯೊಳಗೆ ಉಕ್ಕುವಂತೆ, ಆಯಿಲ್ ಟರ್ಬೊದ ಎರಡೂ ಬದಿಯಿಂದ ಹೊರಬೀಳುತ್ತದೆ. ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಕಟ್ಟಿದ್ದರೂ ಹೀಗೇ. ನೋಡಿದವರು ಟರ್ಬೊ ಸೀಲ್ ಹೋಗಿದೆ ಅಂತಾರೆ! ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಚ್ಚಿ, ಒಳಗೆ ನಿಂತ ಹಳೇ ಆಯಿಲ್, ಲೋಹದ ಚೂರು ತೆಗೆಸಿ. ಹೊಸ ಟರ್ಬೊ ಒಳಕ್ಕೆ ಮೊದಲೇ ಆಯಿಲ್ ಹನಿಸಿ, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಸೆಲ್ಫ್ ಹೊಡೆದು, ಆಯಿಲ್ ಅಲ್ಲಿಗೆ ಬಂತು ಅಂತ ಗೊತ್ತಾದ ಮೇಲಷ್ಟೇ ಸ್ಟಾರ್ಟ್ ಮಾಡಬೇಕು. ಡಿಪಿಎಫ್, ಅಂದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಕಟ್ಟಿದೆಯಾ ಅಂತಲೂ ನೋಡಿಸಿ. ಹೊಗೆ ಮುಂದಕ್ಕೆ ಹೋಗದೆ ಒತ್ತಡ ಜಾಸ್ತಿಯಾದರೆ ಶಾಫ್ಟಿಗೂ ಬೇರಿಂಗಿಗೂ ಪೆಟ್ಟು.

ಇನ್ನೊಂದು ವಿಷಯ. ಪಿಕಪ್ ಕಡಿಮೆ ಆದ ಮಾತ್ರಕ್ಕೆ ಟರ್ಬೊ ಹೋಗಿದೆ ಅಂತಲ್ಲ. ಗಾಳಿಯ ರಬ್ಬರ್ ಪೈಪ್ ಸೀಳಿರಬಹುದು, ವ್ಯಾಕ್ಯೂಮ್ ಪೈಪ್ ಕಳಚಿರಬಹುದು, ಟರ್ಬೊ ಚಕ್ರದ ಸುತ್ತ ಹೊಗೆಯ ದಾರಿ ಹಿಗ್ಗಿಸಿ ಕುಗ್ಗಿಸುವ ಪುಟ್ಟ ರೆಕ್ಕೆಗಳು ಮಸಿಗೆ ಹಿಡಿದುಕೊಂಡಿರಬಹುದು. ಶಾಫ್ಟನ್ನು ಅಕ್ಕಪಕ್ಕಕ್ಕೆ ಅಲುಗಾಡಿಸಿ 'ನೋಡಿ, ಆಟ ಇದೆ' ಅಂತ ತೋರಿಸಿದರೆ ಹೆದರಬೇಡಿ. ಆಯಿಲ್ ಪದರಕ್ಕೆ ಜಾಗ ಬೇಕಲ್ವಾ, ಅಡ್ಡಕ್ಕೆ ಸ್ವಲ್ಪ ಆಟ ಇರಲೇಬೇಕು. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ, ಇಲ್ಲವೇ ಚಕ್ರ ಗೋಡೆಗೆ ತಾಗಿದ ಗೀರು ಇದ್ದರೆ ಮಾತ್ರ ಅದು ಕೆಟ್ಟಿದೆ.

ಆದರೆ ನೀಲಿ ಹೊಗೆ ಜೋರಾಗಿ ಬರುತ್ತಿದ್ದರೆ ಓಡಿಸಲೇಬೇಡಿ. ಡೀಸೆಲ್ ಎಂಜಿನ್ ಟರ್ಬೊದಿಂದ ಸೋರುವ ಆಯಿಲನ್ನೇ ಕುಡಿದು ತನ್ನಷ್ಟಕ್ಕೆ ತಾನೇ ಓಡತೊಡಗಬಹುದು. ಆಗ ಕೀ ತಿರುಗಿಸಿದರೂ ನಿಲ್ಲೋದಿಲ್ಲ. ಗೇರಿನ ಕಾರಾದರೆ ನಿಲ್ಲಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಆಫ್ ಆಗುವಂತೆ ಮಾಡಬೇಕು. ಆಟೋಮ್ಯಾಟಿಕ್ ಆದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ಎತ್ತಿ ಕೈ ಹಾಕಬೇಡಿ.

ದಿನನಿತ್ಯದ ಜೋಪಾನ ಕಷ್ಟದ್ದಲ್ಲ. ಕಾರಿನ ಪುಸ್ತಕದಲ್ಲಿ ಹೇಳಿರುವ ಗ್ರೇಡಿನ ಆಯಿಲನ್ನೇ ಹಾಕಿಸಿ. ಟ್ರಾಫಿಕ್, ಧೂಳು, ಸಣ್ಣಪುಟ್ಟ ಓಡಾಟವೇ ಜಾಸ್ತಿ ಇದ್ದರೆ ಪುಸ್ತಕದ ಅವಧಿಗಿಂತ ಮೊದಲೇ ಬದಲಾಯಿಸಿ. ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಬೇಡಿ. ಹೆದ್ದಾರಿಯಲ್ಲಿ ಜೋರಾಗಿ ಬಂದಿದ್ದರೆ, ಏರು ಹತ್ತಿದ್ದರೆ, ಆಫ್ ಮಾಡುವ ಮುಂಚೆ ಒಂದು ನಿಮಿಷ ಸುಮ್ನೆ ಓಡಲು ಬಿಡಿ. ಇಲ್ಲದಿದ್ದರೆ ಕಾದ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕಾರ್ಬನ್ ಕಟ್ಟುತ್ತದೆ. ನಿಧಾನವಾಗಿ ಬಂದಿದ್ದರೆ ಕಾಯೋದು ಬೇಕಿಲ್ಲ.

ಗ್ಯಾರೇಜಿನಿಂದ ಹೊರಡುವ ಮುಂಚೆ ಆಯಿಲ್ ಪೈಪ್, ಬೋಲ್ಟ್ ಬದಲಾಯಿಸಿದ್ದನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಳ್ಳಿ. ಬಿಚ್ಚಿದ ಹಳೇ ಸಾಮಾನನ್ನೂ ಕೇಳಿ ನೋಡಿ. ನಾಳೆ ವಾರಂಟಿ ಕೇಳಬೇಕಾಗಿ ಬಂದರೆ ಆ ಬಿಲ್ಲು ನಿಮ್ಮ ಕೈಯಲ್ಲಿರಬೇಕು.