ಎಂಎಂ 540ಕ್ಕೆ ಎರಡು ಅಂಗುಲವೇ ಸಾಕು: ಪಟ್ಟಿ, ಕ್ರೌನ್, ಲಾಕರ್‌ಗಳ ಹೋಲಿಕೆ

ಹೆತ್ತೂರಿನ ಕಡೆ ಇರುವ ನಮ್ಮ ತೋಟಕ್ಕೆ ಟಾರು ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಗೊಬ್ಬರ, ಡೀಸೆಲ್, ಆಳುಗಳು, ಕಾಯಿಲೆಯವರು ಎಲ್ಲರನ್ನೂ ಹೊರುವುದು ಒಂದೇ ಗಾಡಿ: ಮಿಲಿಟರಿ ಹರಾಜಿನಿಂದ ಬಂದ ಮಹೀಂದ್ರಾ ಎಂಎಂ 540. ಹಿಂದಿನ ಮಾಲೀಕರು ಅದರ ಹಿಂಭಾಗವನ್ನು ಪಿಕಪ್ ತೊಟ್ಟಿಯಾಗಿ ಮಾರ್ಪಡಿಸಿ, ಆರ್‌ಸಿಯಲ್ಲೂ ನಮೂದು ಮಾಡಿಸಿದ್ದರು. ಕಳೆದ ಎರಡು ವರ್ಷಗಳಲ್ಲಿ ಇದರ ಸಸ್ಪೆನ್ಷನ್ನಿಗೆ ಮೂರು ಬಗೆಯ ಕೆಲಸ ಮಾಡಿಸಿದ್ದೇನೆ. ಈಗ ಗೇರಿನ ಕೆಲಸಕ್ಕೆ ದುಡ್ಡು ಕೂಡಿಟ್ಟಿದ್ದೇನೆ. ಮೂರರಲ್ಲಿ ನನಗೆ ಹಿಡಿಸಿದ್ದು, ನೋಡುವವರಿಗೆ ಕೆಲಸ ಮಾಡಿಸಿದ್ದೇ ಗೊತ್ತಾಗದಂಥದ್ದು. ಪಟ್ಟಿ ಎಂದರೆ ಬಾಗಿದ ಉಕ್ಕಿನ ಬ್ಲೇಡುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್. ಹಾಸನದ ಪಟ್ಟಿ ಅಂಗಡಿಯಲ್ಲಿ ಆ ಬ್ಲೇಡುಗಳಿಗೆ ಹೊಸ ಬಾಗು ಕೊಡಿಸಿ ಎರಡು ಅಂಗುಲ ಎತ್ತರಿಸಿದೆ, ಅಷ್ಟೇ. ಅಲ್ಲಿಗೆ ಬರುವ ಮೊದಲು ಐದು ಅಂಗುಲದ ಆಸೆಗೆ ಬಿದ್ದು ಒಂದಿಡೀ ಮಳೆಗಾಲವನ್ನೂ ನಲವತ್ತು ಸಾವಿರ ರೂಪಾಯಿಯನ್ನೂ ಕಳೆದುಕೊಂಡೆ.

ಮೊದಲು ಮಾಡಿಸಿದ್ದು ಉದ್ದ ಶ್ಯಾಕಲ್, ಅಂದರೆ ಪಟ್ಟಿಯ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ. ಅದಕ್ಕೆ ಹೆಚ್ಚು ಮಾತು ಬೇಡ. ಶ್ಯಾಕಲ್ ಎರಡು ಅಂಗುಲ ಉದ್ದವಾದರೆ ಗಾಡಿ ಏರುವುದು ಒಂದೇ ಅಂಗುಲ, ಏಕೆಂದರೆ ಆಕ್ಸಲ್ (ಎರಡು ಚಕ್ರಗಳನ್ನು ಹೊತ್ತ ಅಚ್ಚು) ಇರುವುದು ಪಟ್ಟಿಯ ನಡುವೆ. ಈ ಜೀಪಿನಲ್ಲಿ ಮುಂದಿನ ಪಟ್ಟಿಯ ಶ್ಯಾಕಲ್ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದೊಡನೆ ಆಕ್ಸಲ್ ಮುಂದಕ್ಕೆ ತಿರುಗಿ ಕ್ಯಾಸ್ಟರ್, ಅಂದರೆ ಸ್ಟೀರಿಂಗನ್ನು ತಾನಾಗಿ ನೇರಕ್ಕೆ ತರುವ ಹಿಂದೊರಗು, ಕಡಿಮೆಯಾಗುತ್ತದೆ. ಐವತ್ತರ ವೇಗದಲ್ಲಿ ಸ್ಟೀರಿಂಗ್ ಎರಡೂ ಕಡೆಗೆ ಅಲೆಯತೊಡಗಿತು. ಒಂದು ತಿಂಗಳಿಗೇ ಬಿಚ್ಚಿಸಿದೆ.

ಎರಡನೆಯದು ‘ಸ್ಪ್ರಿಂಗ್ ಓವರ್’. ಆಕ್ಸಲ್ಲಿನ ಕೆಳಗಿರುವ ಪಟ್ಟಿಯನ್ನು ಮೇಲಕ್ಕೆ ತಂದು, ಆಕ್ಸಲ್ ಕೊಳವೆಯ ಮೇಲೆ ಹೊಸ ಪೀಠ ವೆಲ್ಡ್ ಮಾಡಿ ಕೂರಿಸುವ ಕೆಲಸ ಅದು. ಹೊಸ ಪಟ್ಟಿ ಬೇಡ, ಹಳೆಯದೇ ಸಾಕು, ಐದು ಅಂಗುಲ ಒಮ್ಮೆಗೇ ಸಿಗುತ್ತದೆ. ನಿಂತ ಗಾಡಿಯನ್ನು ನೋಡಿ ನನಗೆ ಬಹಳ ಖುಷಿಯಾಗಿತ್ತು. ಚಕ್ರದ ಕಮಾನಿನೊಳಗೆ ಕೈಯಿಟ್ಟು ಎಷ್ಟು ಜಾಗವಿದೆ ಎಂದು ನೋಡಿದ್ದೇ ನೋಡಿದ್ದು.

ಕಿರಿಕಿರಿ ಶುರುವಾದದ್ದು ಮೂರನೆಯ ದಿನ, ಸಕಲೇಶಪುರಕ್ಕೆ ಹೋಗುವ ಟಾರು ರಸ್ತೆಯಲ್ಲಿ. ವೇಗ ನಲವತ್ತು ದಾಟಿದೊಡನೆ ಸೀಟಿನ ಕೆಳಗಿನಿಂದ ಗುಂಯ್ ಎಂಬ ನಡುಕ ಏಳುತ್ತಿತ್ತು, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣುತ್ತಿತ್ತು. ಐವತ್ತೈದರ ಮೇಲೆ ಸ್ವಲ್ಪ ಇಳಿಯುತ್ತಿತ್ತು, ಮತ್ತೆ ನಲವತ್ತಕ್ಕೆ ಬಂದರೆ ಹಾಜರು. ಚಕ್ರದ ಬ್ಯಾಲೆನ್ಸ್ ಇರಬಹುದೆಂದು ಅದನ್ನು ಮಾಡಿಸಿದೆ. ಎಂಜಿನ್ ಮೌಂಟಿಂಗ್ ರಬ್ಬರ್ ಬದಲಿಸಿದೆ. ಎಂಜಿನ್ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಲೇತ್ ಅಂಗಡಿಯಲ್ಲಿ ಬ್ಯಾಲೆನ್ಸ್ ಮಾಡಿಸಿದೆ. ಯಾವುದರಿಂದಲೂ ಗುಣವಾಗಲಿಲ್ಲ. ಎಂಟು ತಿಂಗಳಲ್ಲಿ ಹಿಂದಿನ ಶಾಫ್ಟಿನ ಕ್ರಾಸ್ (ಶಾಫ್ಟ್ ಓರೆಯಲ್ಲೂ ತಿರುಗಲು ತುದಿಯಲ್ಲಿರುವ ಕೀಲು) ಮೂರು ಸಲ ಹೋಯಿತು. ಮೂರನೆಯದು ಹೋದಾಗ ತೊಟ್ಟಿಯಲ್ಲಿ ಯೂರಿಯಾ ಮೂಟೆಗಳಿದ್ದವು, ಮೇಲೆ ಮಳೆ ಸುರಿಯುತ್ತಿತ್ತು.

ಸುಳಿವು ಸಿಕ್ಕಿದ್ದು ಕಾಫಿ ಮೂಟೆಗಳಿಂದ. ಐವತ್ತು ಕಿಲೋದ ಹತ್ತು ಚೀಲ ಹೇರಿಕೊಂಡು ಕ್ಯೂರಿಂಗಿಗೆ (ಕಾಫಿ ಸಂಸ್ಕರಣೆಗೆ) ಹೋಗುವಾಗ ನಡುಕವೇ ಇರಲಿಲ್ಲ, ಬರಿದಾದ ಗಾಡಿಯಲ್ಲಿ ಹಿಂತಿರುಗುವಾಗ ಮತ್ತೆ ಬಂತು. ಬ್ಯಾಲೆನ್ಸ್ ದೋಷವಾಗಿದ್ದರೆ ಭಾರಕ್ಕೆ ಹೀಗೆ ಪೂರ್ತಿ ಅಡಗುತ್ತಿರಲಿಲ್ಲ. ಭಾರ ಬಿದ್ದಾಗ ತಗ್ಗುವುದು ಗಾಡಿಯ ಎತ್ತರ, ಅದರೊಂದಿಗೆ ಶಾಫ್ಟಿನ ಓರೆ. ಈ ಜೀಪಿನ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರವೇ ಚಿಕ್ಕದು. ಹಿಂದಿನ ಶಾಫ್ಟನ್ನು ಕ್ರಾಸ್‌ನಿಂದ ಕ್ರಾಸ್‌ಗೆ ಅಳೆದಾಗ ಸಿಕ್ಕಿದ್ದು 26 ಅಂಗುಲ. ಅಷ್ಟು ಮೋಟು ಶಾಫ್ಟಿನ ಒಂದು ತುದಿಯನ್ನು ಐದು ಅಂಗುಲ ಎತ್ತಿದರೆ ಇದ್ದ ಓರೆಗೆ ಹತ್ತು ಡಿಗ್ರಿಗೂ ಹೆಚ್ಚು ಸೇರಿಕೊಳ್ಳುತ್ತದೆ. ಉದ್ದ ಗಾಡಿಗಳಲ್ಲಿ ಇದೇ ಕೆಲಸ ಸುಸೂತ್ರವಾಗಿ ನಡೆಯಲು ಕಾರಣ ಅವುಗಳ ಶಾಫ್ಟ್ ಉದ್ದವಿರುವುದು.

ಕ್ರಾಸ್ ಇರುವ ಶಾಫ್ಟಿಗೆ ಒಂದು ಸ್ವಭಾವವಿದೆ. ಓರೆಯಾಗಿ ತಿರುಗುವಾಗ ಅದು ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿಕೊಂಡು ಎರಡು ಸಲ ತಗ್ಗಿಸುತ್ತದೆ. ಒಂದು ತುದಿಯ ಈ ಏರುಪೇರನ್ನು ಇನ್ನೊಂದು ತುದಿಯ ಕ್ರಾಸ್ ಸರಿದೂಗಿಸಬೇಕಾದರೆ ಎರಡು ಷರತ್ತು: ಎರಡೂ ತುದಿಗಳ ಓರೆ ಸಮನಾಗಿರಬೇಕು, ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿಯುವ ಕವಲುಗಳು ಒಂದೇ ಸಾಲಿನಲ್ಲಿರಬೇಕು. ನನ್ನ ಗಾಡಿಯಲ್ಲಿ ಎರಡೂ ಕೆಟ್ಟಿದ್ದವು. ಶಾಫ್ಟಿನ ಮೇಲ್ತುದಿ ಸೇರುವುದು ಟ್ರಾನ್ಸ್‌ಫರ್ ಕೇಸಿಗೆ, ಅಂದರೆ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಗೆ; ಕೆಳತುದಿ ಸೇರುವುದು ಆಕ್ಸಲ್ಲಿನ ಪಿನಿಯನ್ ಎಂಬ ಚಿಕ್ಕ ಗೇರಿಗೆ. ಕೆಲಸ ಮಾಡಿದವರು ಪಿನಿಯನ್ ಮೂತಿಯನ್ನು ಟ್ರಾನ್ಸ್‌ಫರ್ ಕೇಸಿನ ಕಡೆಗೆ ಎತ್ತಲು ಪಟ್ಟಿಯ ಕೆಳಗೆ ಓರೆ ತುಂಡು ಕೊಟ್ಟಿದ್ದರು. ಮೇಲ್ತುದಿಯಲ್ಲಿ ಜೋಡಿ ಕ್ರಾಸ್ ಇರುವ ಶಾಫ್ಟಿಗೆ ಅದು ಸರಿ. ಎರಡೂ ತುದಿಗೆ ಒಂದೊಂದೇ ಕ್ರಾಸ್ ಇರುವ ನನ್ನ ಶಾಫ್ಟಿಗೆ ಅದೇ ತಪ್ಪು. ಇಲ್ಲಿ ಪಿನಿಯನ್ ಟ್ರಾನ್ಸ್‌ಫರ್ ಕೇಸಿನ ದಂಡಕ್ಕೆ ಸಮಾನಾಂತರವಾಗಿರಬೇಕು.

ಇನ್ನೊಂದು ದೋಷವನ್ನು ಕಂಡುಹಿಡಿದದ್ದು ನಮ್ಮೂರಿನ ಹಿರಿಯ ಮೆಕ್ಯಾನಿಕ್. ಗೋಣಿ ಹಾಸಿಕೊಂಡು ಅಡಿಗೆ ಮಲಗಿದವರು, ಬಟ್ಟೆಯಿಂದ ಶಾಫ್ಟಿನ ಮಣ್ಣು ಒರೆಸಿ, ಒಂದು ಕವಲಿನ ನಡುವಿನಿಂದ ಇನ್ನೊಂದರ ಕಡೆಗೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಗೆರೆ ಎಳೆದರು. ಗೆರೆ ಹೋಗಿ ಇನ್ನೊಂದು ಕವಲಿನ ನಡುವನ್ನು ಮುಟ್ಟಬೇಕಿತ್ತು. ಎರಡು ಬೆರಳಷ್ಟು ಪಕ್ಕಕ್ಕೆ ಬಿತ್ತು. “ಗೌಡರೇ, ಶಾಫ್ಟ್ ಉದ್ದ ಮಾಡಿಸುವಾಗ ಸ್ಪ್ಲೈನ್ ಬಿಚ್ಚಿದ್ದಾರೆ, ತಿರುಗಿ ಹಾಕುವಾಗ ಹಲ್ಲು ತಪ್ಪಿಸಿದ್ದಾರೆ” ಎಂದರು. ಸ್ಪ್ಲೈನ್ ಎಂದರೆ ಶಾಫ್ಟಿನ ಎರಡು ತುಂಡುಗಳು ಹಲ್ಲುಗಳಲ್ಲಿ ಒಂದರೊಳಗೊಂದು ಜಾರುವ ಜೋಡಣೆ. ಅವರು ಹೇಳಿದ್ದು ನಿಜ. ಗಾಡಿ ಏರಿದ ಮೇಲೆ ಸ್ಪ್ಲೈನಿನಲ್ಲಿ ಹಿಡಿತ ಬರೀ ಒಂದು ಅಂಗುಲ ಉಳಿದದ್ದರಿಂದ ಶಾಫ್ಟನ್ನು ಕತ್ತರಿಸಿ ಉದ್ದ ಮಾಡಿಸಿದ್ದೆವು. ಹಲ್ಲು ಸರಿಪಡಿಸಿ ಓರೆ ತುಂಡನ್ನು ತೆಗೆದಾಗ ನಡುಕ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ಓರೆಯದ್ದು, ಅದಕ್ಕೆ ಅಲ್ಲಿ ಔಷಧಿ ಇರಲಿಲ್ಲ. ಜೋಡಿ ಕ್ರಾಸಿನ ಶಾಫ್ಟ್ ಮಾಡಿಸಬಹುದಿತ್ತು. ಅದಕ್ಕೆ ಹೇಳಿದ ಬೆಲೆ ಕೇಳಿ ಮನೆಗೆ ಬಂದೆ.

ಶಾಫ್ಟ್ ಬಿಟ್ಟರೂ ಬೇರೆ ತೊಂದರೆಗಳಿದ್ದವು. ಏರಿನಲ್ಲಿ ಭಾರ ಹೊತ್ತು ಕ್ಲಚ್ ಬಿಟ್ಟರೆ ಆಕ್ಸಲ್ ಮೇಲಿನ ಪಟ್ಟಿ ಇಂಗ್ಲಿಷಿನ ಎಸ್ ಅಕ್ಷರದಂತೆ ತಿರುಚಿಕೊಂಡು, ಧಡ್ ಎಂದು ಬಿಡುತ್ತಿತ್ತು. ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಒಯ್ಯುವ ಸರಳು, ಡ್ರ್ಯಾಗ್ ಲಿಂಕ್, ಕಡಿದಾಗಿ ನಿಂತು, ಗುಂಡಿಗೆ ಬಿದ್ದಾಗಲೆಲ್ಲ ಚಕ್ರ ತಾನೇ ಪಕ್ಕಕ್ಕೆ ಎಳೆಯುತ್ತಿತ್ತು. ಬ್ರೇಕ್ ಹೋಸ್‌ಗಳನ್ನು ಉದ್ದದವಕ್ಕೆ ಬದಲಿಸಬೇಕಾಯಿತು. ಎಲ್ಲಕ್ಕಿಂತ ನನ್ನ ಮನಸ್ಸು ಕೆಡಿಸಿದ್ದು ಬೇರೆಯೇ. ನಮ್ಮ ದಾರಿಯ ಎರಡು ಗಾಲಿ ಜಾಡಿನ ನಡುವಿನ ದಿಬ್ಬಕ್ಕೆ ಉಜ್ಜುತ್ತಿದ್ದ ಡಿಫರೆನ್ಷಿಯಲ್ ಹೌಸಿಂಗ್ (ಆಕ್ಸಲ್ಲಿನ ನಡುವೆ ಗೇರುಗಳಿರುವ ಉಬ್ಬಿದ ಪೆಟ್ಟಿಗೆ), ಐದು ಅಂಗುಲ ಎತ್ತರಿಸಿದ ಮೇಲೂ ಅಷ್ಟೇ ಉಜ್ಜುತ್ತಿತ್ತು. ಪಟ್ಟಿ ಎತ್ತುವುದು ಚಾಸಿಯನ್ನು. ಹೌಸಿಂಗ್ ಆಕ್ಸಲ್ಲಿನ ಜೊತೆಗೇ ಇರುತ್ತದೆ, ಅದನ್ನು ಎತ್ತುವುದು ಟೈರ್ ಮಾತ್ರ. ಕೆಲಸ ಕೊಡುವ ಮೊದಲೇ ನಾನು ಇದನ್ನು ಯೋಚಿಸಬೇಕಿತ್ತು.

ಆರ್‌ಸಿ ನವೀಕರಣದ ಚಿಂತೆಯೂ ಇತ್ತು. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ತೋರಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ವಿವರಗಳಿಗೆ ಹೊಂದದ ಮಾರ್ಪಾಡು ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ನೀವು ಏನನ್ನೇ ಬದಲಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಈಗ ನನ್ನ ಮೆಚ್ಚಿನ ಆಯ್ಕೆ. ಒಂಬತ್ತು ಸಾವಿರ ಕೊಟ್ಟು ಪಟ್ಟಿಯನ್ನು ಮತ್ತೆ ಆಕ್ಸಲ್ಲಿನ ಕೆಳಗೆ ತಂದು, ನಾಲ್ಕೂ ಸೆಟ್ ಬಿಚ್ಚಿ ಹಾಸನಕ್ಕೆ ಒಯ್ದೆ. ಪಟ್ಟಿ ಅಂಗಡಿಯ ಯಜಮಾನರು ಮೊದಲು ಕೇಳಿದ್ದು, “ಬರಿದೇ ಓಡಿಸುವುದು ಹೆಚ್ಚೋ, ಲೋಡ್ ಹೆಚ್ಚೋ?” ಎಂದು. ಐದು ಅಂಗುಲ ಏರಿಸಿದ ಕಡೆ ಯಾರೂ ಇದನ್ನು ಕೇಳಿರಲಿಲ್ಲ. ಬೇಕಾದ ಬಾಗನ್ನು ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು. ಒಂದೊಂದೇ ಬ್ಲೇಡನ್ನು ಅಡಿಗಲ್ಲಿನ ಮೇಲಿಟ್ಟು ತಣ್ಣಗೇ ಬಡಿದು, ಗೆರೆಯ ಮೇಲಿಟ್ಟು ನೋಡಿ, ಮತ್ತೆ ಬಡಿದರು. ಕಾಸಿ ಬಗ್ಗಿಸುವುದು ಸುಲಭ. ಆದರೆ ಆಮೇಲೆ ಸರಿಯಾಗಿ ಹದ ಕೊಡದಿದ್ದರೆ ಬ್ಲೇಡ್ ಮೆತ್ತಗಾಗಿ ಕೂತುಬಿಡುತ್ತದೆ.

ಬಾಗು ಹೆಚ್ಚಿಸಲು ಒಂದೆರಡು ದಪ್ಪ ಬ್ಲೇಡ್ ಸೇರಿಸಿಬಿಡುವುದು ಎಲ್ಲರೂ ಮಾಡುವ ಅಗ್ಗದ ದಾರಿ. ಬ್ಲೇಡಿನ ಬಿಗಿ ಅದರ ದಪ್ಪದ ಘನದಂತೆ ಏರುತ್ತದೆ. ಅಂದರೆ 7 ಮಿಲಿಮೀಟರಿನ ಬ್ಲೇಡ್ ತೆಗೆದು ಅದೇ ಅಗಲದ, ಅದೇ ಉದ್ದದ 6 ಮಿಲಿಮೀಟರಿನದನ್ನು ಹಾಕಿದರೆ ಆ ಬ್ಲೇಡಿನ ಬಿಗಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ಹೀಗಾಗಿ ಮೇಲಿನ ಬ್ಲೇಡುಗಳನ್ನು ತೆಳುವಾಗಿಸಿ, ಹಿಂದಿನ ಎರಡೂ ಸೆಟ್‌ಗಳ ಅಡಿಯಲ್ಲಿ ಹೆಚ್ಚು ಬಾಗಿಲ್ಲದ ದಪ್ಪನೆಯ ಒಂದು ಬ್ಲೇಡ್ ಇರಿಸಿದೆವು. ಗಾಡಿ ಬರಿದಾಗಿದ್ದಾಗ ಅದು ಸುಮ್ಮನಿರುತ್ತದೆ, ಏಳೆಂಟು ಚೀಲ ಬಿದ್ದ ಮೇಲೆ ಭಾರಕ್ಕೆ ಹೆಗಲು ಕೊಡುತ್ತದೆ. ಹದಿನಾಲ್ಕು ಸಾವಿರ ರೂಪಾಯಿ, ಎರಡು ದಿನ. ಶಾಫ್ಟನ್ನು ಮೊದಲಿನ ಉದ್ದಕ್ಕೆ ತಂದ ಮೇಲೆ ಕ್ರಾಸ್ ಕಡೆ ನೋಡಬೇಕಾಗಿಲ್ಲ, ಹದಿಮೂರು ತಿಂಗಳಾಯಿತು. ಬರಿದೇ ಹೋಗುವಾಗ ಹಿಂಭಾಗ ಕಪ್ಪೆಯಂತೆ ಹಾರುವುದು ನಿಂತಿದೆ. ತೊಟ್ಟಿಯಲ್ಲಿ ಕೂತು ಬರುವ ಹೆಂಗಸರೇ ಈ ಬದಲಾವಣೆಯನ್ನು ಮೊದಲು ಹೇಳಿದ್ದು.

ಶಾಕ್ ಅಬ್ಸಾರ್ಬರ್: ಸಾಧಾರಣ ಎಣ್ಣೆಯದ್ದೇ ಸಾಕು, ನಮ್ಮ ವೇಗಕ್ಕೆ ಗ್ಯಾಸಿನದು ಬೇಡ. ಬುಷ್: ರಬ್ಬರಿನದೇ.

ಇನ್ನು ಗೇರಿನ ಕಡೆ. 6.00-16ರ ಬದಲು 7.00-16 ಟೈರ್ ಹಾಕಿದಾಗ ಹೌಸಿಂಗ್ ಮುಕ್ಕಾಲು ಅಂಗುಲದಷ್ಟು ಮೇಲೆದ್ದಿತು, ದಿಬ್ಬಕ್ಕೆ ಉಜ್ಜುವುದು ಬಹುಪಾಲು ನಿಂತಿತು. ಆದರೆ ಟೈರ್ ಶೇಕಡಾ ಆರರಷ್ಟು ಎತ್ತರವಾದ್ದರಿಂದ ಏರಿನಲ್ಲಿ ಎಂಜಿನ್ ಉಸಿರು ಕಟ್ಟತೊಡಗಿತು. ಆಕ್ಸಲ್ಲಿನಲ್ಲಿ ಪಿನಿಯನ್ ತಿರುಗಿಸುವ ದೊಡ್ಡ ಗೇರೇ ಕ್ರೌನ್. ನನ್ನ ಗಾಡಿಯ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನ 4.88 ಸುತ್ತು; ಈ ಅಂಕಿ ಹೆಚ್ಚಿದಷ್ಟೂ ಏರಿನಲ್ಲಿ ಬಲ ಹೆಚ್ಚು. ದೊಡ್ಡ ಟೈರಿನಿಂದ ಅದು 4.60ರಂತೆ ವರ್ತಿಸುತ್ತದೆ. 43ಕ್ಕೆ 8ರ ಕ್ರೌನ್ ಪಿನಿಯನ್, ಅಂದರೆ 5.38, ಹಾಕಿದರೆ ಇದೇ ಟೈರಿನಲ್ಲಿ 5.07ರ ಸುಮಾರಿಗೆ ನಿಲ್ಲುತ್ತದೆ. ಮೊದಲಿಗಿಂತಲೂ ಒಂದಿಷ್ಟು ಬಲ. ಸ್ಪೀಡೋಮೀಟರಿನಲ್ಲಿ ಟೈರಿನ ತಪ್ಪೂ ಕ್ರೌನಿನ ತಪ್ಪೂ ಒಂದನ್ನೊಂದು ಬಹುತೇಕ ಹೊಡೆದುಹಾಕುತ್ತವೆ.

ಇದಕ್ಕೆ ಪ್ರತಿಸ್ಪರ್ಧಿ ಹಿಂದಿನ ಆಕ್ಸಲ್ಲಿನ ಲಾಕರ್, ಅಂದರೆ ಒಂದೇ ಚಕ್ರ ವ್ಯರ್ಥವಾಗಿ ತಿರುಗದಂತೆ ಎರಡನ್ನೂ ಒಟ್ಟಿಗೆ ಹಿಡಿಯುವ ಸಾಧನ. ಸ್ನೇಹಿತರ ಜೀಪಿನಲ್ಲಿ ತಾನಾಗಿ ಹಿಡಿಯುವ ಲಾಕರ್ ಇದೆ. ಕಳೆದ ಜುಲೈನಲ್ಲಿ ಅದನ್ನು ನಮ್ಮ ದಾರಿಯಲ್ಲೇ ಓಡಿಸಿ ನೋಡಿದೆ. ನೇರ ಏರಿನಲ್ಲಿ ಅದಕ್ಕೆ ಸಾಟಿಯಿಲ್ಲ. ನನ್ನ ಗಾಡಿ ಒಂದು ಚಕ್ರ ತಿರುಗಿಸುತ್ತ ನಿಲ್ಲುವ ಕಡೆ ಅದು ಎರಡೂ ಚಕ್ರ ಕಚ್ಚಿ ಏರಿತು. ಆದರೆ ಮೋರಿ ದಾಟಿದ ಮೇಲಿನ ಪಕ್ಕವಾಟು ಇಳಿಜಾರಿನಲ್ಲಿ, ಜೇಡಿಮಣ್ಣಿನ ಮೇಲೆ, ಎರಡೂ ಚಕ್ರ ಒಟ್ಟಿಗೇ ಜಾರಿ ಗಾಡಿಯ ಹಿಂಭಾಗ ಮೆಲ್ಲಗೆ ಕಣಿವೆಯ ಕಡೆಗೆ ಸರಿಯಿತು. ನನ್ನ ಗಾಡಿಯಲ್ಲಿ ಅಲ್ಲಿ ಒಂದು ಚಕ್ರ ವ್ಯರ್ಥವಾಗಿ ತಿರುಗಿದರೂ ಇನ್ನೊಂದು ಸುಮ್ಮನೆ ಉರುಳುತ್ತ ಗಾಡಿಯನ್ನು ಸಾಲಿನಲ್ಲಿ ಹಿಡಿದಿರುತ್ತದೆ. ನಮ್ಮ ದಾರಿಯ ಅರ್ಧ ಪಕ್ಕವಾಟೇ ಆಗಿದೆ. ತೊಟ್ಟಿಯಲ್ಲಿ ಜನರನ್ನು ಕೂರಿಸಿಕೊಂಡು ನಾನು ಆ ಜಾರುವಿಕೆಯನ್ನು ಒಪ್ಪಲಾರೆ.

ಡಿಫರೆನ್ಷಿಯಲನ್ನು ವೆಲ್ಡ್ ಮಾಡಿಸುವುದಂತೂ ಟಾರಿನಲ್ಲಿ ತಿರುಗುವ ಗಾಡಿಗೆ ಬೇಡವೇ ಬೇಡ.

ಲಾಕರ್ ಮಾಡುವ ಕೆಲಸದ ಬಹುಭಾಗವನ್ನು ನನಗೆ ಏಳು ಸಾವಿರದ ಜೋಡಿ ಚೈನ್ ಮಾಡಿಕೊಡುತ್ತಿದೆ. ಹಿಂದಿನ ಚಕ್ರಗಳಿಗೆ ಚೈನ್ ಬಿಗಿದರೆ ಪಕ್ಕವಾಟಿನಲ್ಲೂ ಕಚ್ಚುತ್ತದೆ. ಹಾಕಲು ಇಪ್ಪತ್ತು ನಿಮಿಷ ಬೇಕು, ಟಾರಿಗೆ ಬರುವ ಮುನ್ನ ಮಳೆಯಲ್ಲೇ ಕೂತು ಬಿಚ್ಚಬೇಕು, ದಾರಿಯ ಜಾಡನ್ನು ಅದು ಇನ್ನಷ್ಟು ಆಳ ಮಾಡುತ್ತದೆ. ದಿನಕ್ಕೆ ನಾಲ್ಕು ಸಲ ಟಾರಿಗೂ ಮಣ್ಣಿಗೂ ಓಡಾಡುವವರಿಗೆ ಇದು ಆಗದ ಮಾತು, ಅವರು ಗುಂಡಿ ಒತ್ತಿದಾಗ ಮಾತ್ರ ಹಿಡಿಯುವ ಗಾಳಿ ಲಾಕರಿಗೆ ದುಡ್ಡು ಹಾಕುವುದೇ ಸರಿ. ನಾನು ವಾರಕ್ಕೆ ಎರಡು ಸಲ ಪೇಟೆಗೆ ಹೋಗುವವನು. ಮೆಣಸಿನ ದುಡ್ಡಿನಲ್ಲಿ ವರ್ಷಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ಈ ಗಾಡಿಗೆ ಎತ್ತಿಡಲಾರೆ, ಲಾಕರಿಗೆ ಒಂದೇ ಆಕ್ಸಲ್ಲಿಗೆ ಅರವತ್ತು ದಾಟುತ್ತದೆ.

ಹೀಗಾಗಿ ಈ ಸಲ 5.38ರ ಕ್ರೌನ್ ಪಿನಿಯನ್. ಮುಂದಕ್ಕೂ ಹಿಂದಕ್ಕೂ ಒಟ್ಟಿಗೇ ಹಾಕಬೇಕು. ಒಂದೇ ಕಡೆ ಬದಲಿಸಿ ಫೋರ್‌ವೀಲ್ ಹಾಕಿದರೆ ಎರಡು ಆಕ್ಸಲ್‌ಗಳು ಜಗ್ಗಾಡಿ ಟ್ರಾನ್ಸ್‌ಫರ್ ಕೇಸನ್ನೇ ಮುರಿಯುತ್ತವೆ. ಎರಡು ಸೆಟ್, ಬೇರಿಂಗ್, ಸೀಲ್, ಕೂಲಿ ಸೇರಿ ಮೂವತ್ತೆಂಟು ಸಾವಿರವೆಂದು ಮೆಕ್ಯಾನಿಕ್ ಲೆಕ್ಕ ಕೊಟ್ಟಿದ್ದಾರೆ. ಹಿಂದಿನ ಸೆಟ್ ಬಂದು ಅವರ ಗ್ಯಾರೇಜಿನಲ್ಲಿದೆ. ಎರಡನ್ನೂ ಜೋಡಿಸುವಾಗ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವುದನ್ನು ಕಣ್ಣಾರೆ ನೋಡದೆ ಮುಚ್ಚಳ ಹಾಕಬಾರದೆಂದು ಹೇಳಿ ಬಂದಿದ್ದೇನೆ. ಮುಂದಿನ ಸೆಟ್ ಮೇ ಮೊದಲ ವಾರ ಬರುತ್ತದೆ. ಮುಂಗಾರಿಗೆ ಮುಂಚೆ ಐನೂರು ಕಿಲೋಮೀಟರ್ ಬರಿದೇ ಓಡಿಸಿ ಎಣ್ಣೆ ಬದಲಿಸಲು ಅಷ್ಟು ದಿನ ಸಾಕು.